ಮುಖ ಹಿಂದಕ್ಕೆ, ಕಾಲು ಮುಂದಕ್ಕೆ

ನಮ್ಮ ಪೆಟ್ಟಿಗೆಯಲ್ಲಿ ದೇವರಿದ್ದಾರೆ, ರಾಕ್ಷಸರಿದ್ದಾರೆ, ಆನೆ ಕುದುರೆ ಇವೆ, ಅಳುವ ರಾಣಿಯರು ಬೇಕಾದಷ್ಟಿದ್ದಾರೆ. ಮಾಮೂಲಿ ಅಜ್ಜಿ ಮಾತ್ರ ಒಬ್ಬಳೂ ಇರಲಿಲ್ಲ. ಇಷ್ಟು ವರ್ಷ ಆ ಪೆಟ್ಟಿಗೆ ಹೊತ್ತು ತಿರುಗಿದರೂ ನಮಗೆ ಅದು ಗೊತ್ತಾಗಿರಲಿಲ್ಲ. ಪಾಂಡವಪುರದ ಕಡೆಯ ಒಂದು ಸ್ಕೂಲಿನ ಮೇಡಂ ಮನೆಗೆ ಬಂದು ಕೇಳಿದ ಮೇಲೆ ಗೊತ್ತಾಯಿತು.

ನಮ್ಮದು ತೊಗಲುಗೊಂಬೆ ಆಡಿಸುವ ಮನೆ. ದೇವಲಾಪುರದಿಂದ ಒಳಕ್ಕೆ ಹೋದರೆ ಸಿಗುವ ಊರು. ರಾಗಿ, ಹುರುಳಿ, ಮೇಕೆ, ಹಾಲಿನ ಡೈರಿ, ಅಷ್ಟೇ ಅಲ್ಲಿರುವುದು. ಮೇಕೆ ಚರ್ಮವನ್ನು ಕೆರೆದು ತೆಳ್ಳಗೆ ಮಾಡಿ, ಗೊಂಬೆ ಕತ್ತರಿಸಿ, ಬಣ್ಣ ಹಾಕಿ, ಬಿಳಿ ಪರದೆಯ ಹಿಂದೆ ಬೆಳಕಿಟ್ಟು ಅದರ ನೆರಳನ್ನು ಆಡಿಸುತ್ತೇವೆ. ಆಡಿಸುವವನು ನಮ್ಮ ಯಜಮಾನ. ಮದ್ದಳೆ ಮಗನದು, ಆಟ ಇಲ್ಲದ ದಿನ ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ಗೊಂಬೆ ಮಾಡುವವಳು ನಾನು. ಹೆಣ್ಣು ಗೊಂಬೆಗಳ ಮಾತು, ಹಾಡು ಮೊದಲು ನನ್ನದೇ ಇತ್ತು. ವಯಸ್ಸಾಗಿ ನನ್ನ ಗಂಟಲು ಒಡೆದ ಬಿದಿರಿನಂತಾದ ಮೇಲೆ ಅದು ಸೊಸೆಗೆ ಹೋಯಿತು. ನನಗಿಂತ ಚೆನ್ನಾಗಿ ಹೇಳುತ್ತಾಳೆ. ಅವಳ ಎದುರಿಗೆ ನಾನು ಹಾಗೆ ಹೇಳಿಲ್ಲ.

ಮೇಡಂ ಜಗುಲಿ ಮೇಲೆ ಕೂತು ಹೇಳಿದರು, "ದೇವರು ಬೇಡ, ರಾಜರು ಬೇಡ. ನಮ್ಮ ಮಕ್ಕಳ ಮನೇಲಿರೋ ಅಂಥ ಒಬ್ಬಳು ಅಜ್ಜಿ ಕತೆ ಮಾಡ್ಕೊಡಿ. ಪರದೆ ಮೇಲೆ ಬಂದ ತಕ್ಷಣ ಮಕ್ಕಳು ‘ಅಯ್ಯೋ, ನಮ್ಮಜ್ಜಿ’ ಅನ್ಬೇಕು."

"ಅಜ್ಜಿ ತಾನೇ ಮೇಡಂ, ಬುಡಿ. ಪೆಟ್ಟಿಗೇಲಿ ಬೇಕಾದಷ್ಟು ಬಿದ್ದವೆ" ಅಂದ ನಮ್ಮ ಯಜಮಾನ.

ಅವರು ಹೋದ ಮೇಲೆ ಪೆಟ್ಟಿಗೆ ತೆರೆದು ಒಂದೊಂದೇ ತೆಗೆದು ನೋಡಿದೆವು. ಒಬ್ಬಳು ರಾಣಿಯ ಕಿವಿ ಊದಿ ಮನೆ ಹಾಳು ಮಾಡುವ ಗೂನಿ. ಒಬ್ಬಳು ಜಡೆ ಕಟ್ಟಿದ ಋಷಿಯ ಹೆಂಡತಿ. ಇನ್ನೊಬ್ಬಳು ಮುದುಕಿ ವೇಷ ಹಾಕಿದ ರಾಕ್ಷಸಿ, ಸೆರಗಿನ ಒಳಗೆ ಕೋರೆಹಲ್ಲು. ಮುಗಿಯಿತು.

ಸೊಸೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಇವ್ರಲ್ಲಿ ಎಮ್ಮೆ ಹಾಲು ಕರೆಯೋರು ಯಾರತ್ತೆ?" ಅಂದಳು.

ಎಮ್ಮೆ ಅಂದದ್ದು ಯಾಕೆಂದರೆ ಕತೆ ಅವಳದು. ಒಬ್ಬ ಅಜ್ಜಿಯ ಎಮ್ಮೆ ಕಟ್ಟಿದ ಹಗ್ಗ ಕಿತ್ತುಕೊಂಡು ಹೋಗುತ್ತದೆ, ಅಜ್ಜಿ ಅದನ್ನು ಹುಡುಕುತ್ತಾ ನಾಗಮಂಗಲದಿಂದ ಕೆ.ಆರ್.ಎಸ್. ತನಕ ಊರೂರು ಅಲೆಯುತ್ತಾಳೆ, ಸಿಕ್ಕಿದವರ ಹತ್ತಿರವೆಲ್ಲ ಜಗಳ ಆಡುತ್ತಾಳೆ. ಮೇಡಂ ಬಂದ ದಿನವೇ ಅಡುಗೆ ಮಾಡುತ್ತಾ ಮಾಡುತ್ತಾ ಕತೆ ಕಟ್ಟಿದಳು. ಕಟ್ಟಿದ ಮೇಲೆ ಇನ್ನೊಂದು ಮಾತನ್ನೂ ಹೇಳಿದಳು. ಗಾರ್ಮೆಂಟ್ಸಿನ ಬಸ್ಸು ನಮ್ಮೂರ ಗೇಟಿಗೆ ದಿನಾ ಬೆಳಗ್ಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಅವಳು ಆ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಹೆಸರು ಬರೆಸಿ ಬಂದಿದ್ದಳು.

"ಈ ಅಜ್ಜಿ ಮಕ್ಕಳಿಗೆ ಹಿಡಿಸಿದ್ರೆ ಗೊಂಬೆ ಜೊತೆ ಇರ್ತೀನಿ. ಇಲ್ದಿದ್ರೆ ಒಂದ್ನೇ ತಾರೀಕಿಂದ ಬಸ್ಸು. ಯಾರಿಗೂ ಬೇಡದ್ದನ್ನ ನಾನು ಎಷ್ಟು ದಿನ ಹಾಡ್ಲಿ?"

ಬೆದರಿಕೆ ಅಲ್ಲ ಅದು. ಸಾರಿಗೆ ಉಪ್ಪು ಸಾಲದು ಅಂತಾರಲ್ಲ, ಹಾಗೆ ಹೇಳಿದಳು. ಅವಳು ಹೋದರೆ ನಮ್ಮ ಪರದೆಯಲ್ಲಿ ಹೆಂಗಸರೆಲ್ಲ ಮೂಕರು. ಯಜಮಾನ ಗಂಡು ಗಂಟಲಲ್ಲಿ ರಾಣಿಯ ಮಾತು ಹೇಳಿದ್ದನ್ನು ಒಂದು ಸಲ ಕೇಳಿದ್ದೇನೆ, ಸಾಕು. ಆದ್ದರಿಂದ ಆ ಅಜ್ಜಿ ಈಗ ನನ್ನ ಕೈಯಲ್ಲಿದ್ದಳು.

ನಮ್ಮಲ್ಲಿ ಗೊಂಬೆ ಮಾಡುವುದು ಅಂದರೆ ಹಳೆಯದನ್ನು ಹೊಸ ಚರ್ಮದ ಮೇಲೆ ಮಡಗಿ ಸುತ್ತ ಗೆರೆ ಎಳೆಯುವುದು. ನನ್ನ ಅತ್ತೆ ಹಾಗೆ ಮಾಡಿದಳು, ಅವಳ ಅತ್ತೆಯೂ ಹಾಗೇ. ಹೊಸ ಮನುಷ್ಯರನ್ನು ಹುಟ್ಟಿಸುವ ಕೆಲಸ ನಮ್ಮ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಮೊದಲ ದಿನ ಇದ್ದಿಲು ಹಿಡಿದು ಮುಖದಿಂದ ಶುರು ಮಾಡಿದೆ. ಮೂಗು ಬಂತು, ಮೂಗುತಿ ಬಂತು, ಓಲೆ ಬಂತು. ನೋಡುತ್ತೇನೆ, ರಾಣಿ. ಸುಕ್ಕು ಹಾಕಿದೆ. ಕಾಯಿಲೆ ಬಿದ್ದ ರಾಣಿ. ಎಷ್ಟು ಸಲ ಗೆರೆ ಎಳೆದರೂ ನನ್ನ ಕೈ ಕಿರೀಟದ ಕಡೆಗೇ ಓಡುತ್ತಿತ್ತು. ಹದ ಮಾಡಿದ ಚರ್ಮ ಮನೆಯಲ್ಲಿ ಒಂದೇ ಇತ್ತು, ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಅದಕ್ಕೆ ಗೆರೆಯನ್ನೇ ಬಿಟ್ಟೆ. ಕಣ್ಣು ಬೇಡ, ಮೂಗು ಬೇಡ, ಬೆರಳು ಬೇಡ, ಸೆರಗಿನ ಅಂಚು ಬೇಡ. ಬರೀ ಮುದ್ದೆ. ಸಿಮೆಂಟ್ ಚೀಲದ ಕಾಗದ, ಹಳೇ ಲಗ್ನಪತ್ರಿಕೆ, ಸಿಕ್ಕಿದ್ದನ್ನು ದೊಡ್ಡ ಕತ್ತರಿಯಲ್ಲಿ ಯೋಚನೆ ಮಾಡದೆ ಕತ್ತರಿಸಿದೆ. ತಲೆ ಇರುವ ಕಡೆ ಒಂದು ಉಬ್ಬು, ಕಾಲಿರುವ ಕಡೆ ಒಂದು ಸೀಳು. ಅಂಗಳದಲ್ಲಿ ನಿಂಬೆ ಗಿಡದಿಂದ ಕಂಬಕ್ಕೆ ನನ್ನ ಹಳೇ ಬಿಳಿ ಸೀರೆ ಕಟ್ಟಿ, ಸಂಜೆ ಬಿಸಿಲು ಹಿಂದೆ ಬೀಳುವಂತೆ ನೋಡಿಕೊಂಡು, ಆ ಕಾಗದಗಳನ್ನು ಹಿಡಿದೆ. ಆಚೆ ಬೀದಿ. ಡೈರಿಗೆ ಹಾಲು ಹಾಕಿ ಬರುವ ಹೆಂಗಸರು ಅಲ್ಲೇ ಹಾದು ಹೋಗಬೇಕು. ಅವರಿಗೆ ನಾನು ಕಾಣುವುದಿಲ್ಲ, ನೆರಳು ಮಾತ್ರ.

"ಯಾರಿವ್ಳು, ಹೇಳಿ" ಅಂತ ಸೀರೆ ಹಿಂದಿನಿಂದ ಕೂಗಿದೆ.

ಬೆನ್ನು ಬಾಗಿ ಕೋಲು ಹಿಡಿದವಳನ್ನು ತೋರಿಸಿದೆ. ಎದುರುಮನೆಯವಳು, ಬಾಯಿ ಜೋರು, ನಿಂತಲ್ಲೇ ಹೇಳಿದಳು, "ಗೂನಿ ಬಂದ್ಲಲ್ಲವ್ವ! ಇವತ್ತು ಯಾರ ಮನೆ ಆಳು ಮಾಡಕ್ಕೆ ಒಂಟವ್ಳೆ?"

ಬೆನ್ನು ನೆಟ್ಟಗೆ ಮಾಡಿ ಕೂದಲು ಕೆದರಿಸಿದೆ. "ರಾಕ್ಷಸಿ ಕಣಕ್ಕ. ಸಂಜೆ ಒತ್ನಲ್ಲಿ ಮಕ್ಳು ಬೆದರ್‍ತವೆ, ಒಳಕ್ಕೆ ಮಡಗು" ಅಂದಳು ಇನ್ನೊಬ್ಬಳು.

ಕೂದಲಿಗೆ ಗಂಟು ಹಾಕಿ, ಹೆಗಲ ಮೇಲೆ ಸಂತೆ ಚೀಲ ಹೊರಿಸಿದೆ. ಎದುರುಮನೆಯವಳು ಕೇಳಿದಳು, "ಗದೆ ಹೊತ್ತವ್ನಲ್ಲ, ದೇವ್ರಾ? ಕೈ ಮುಗೀಬೇಕಾ, ಬ್ಯಾಡ್ವಾ, ಅದೊಂದು ಏಳ್ಬುಡು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅವಳಿಗೂ ಬರಲಿಲ್ಲ.

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅನ್ನ ಬೇಯುವಷ್ಟರಲ್ಲಿ ಒಂದು ಅಜ್ಜಿ ಕತ್ತರಿಸುತ್ತಿದ್ದೆ, ಅನ್ನ ತಳ ಹಿಡಿಯುತ್ತಿತ್ತು. ಮೊಮ್ಮಗಳ ಚಪ್ಪಲಿ ಡಬ್ಬ ಹೋಯಿತು, ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಹೋಯಿತು. ಇನ್ನೂ ನಡೆಯುತ್ತಿರುವ ತಿಂಗಳನ್ನೇ ಕತ್ತರಿಸಿದ್ದೀಯ ಅಂತ ಯಜಮಾನ ಕುಣಿದಾಡಿದ.

"ಅಮಾಸೆ ಯಾವತ್ತು ಅಂತ ಈಗ ಯಾವ ಅಜ್ಜಿ ಒಟ್ಟೇಲಿ ನೋಡ್ಲಮ್ಮಿ ನಾನು?"

"ಆಕಾಶ ನೋಡು" ಅಂದೆ.

ಮನೆ ತುಂಬ ಕಾಗದದ ಹೆಂಗಸರು. ಒಬ್ಬಳೂ ನನಗೆ ಗೊತ್ತಿರುವವಳಲ್ಲ. ಕಡೆಗೆ ಒಂದು ದಿನ ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಬಸ್ಸಲ್ಲಿ ದುಡ್ಡು ಕೇಳುವವರಿಲ್ಲ. ನಾಗಮಂಗಲಕ್ಕೆ ಹೋದೆ, ಅಲ್ಲಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ. ಯಾವ ಕೆಲಸವೂ ಇರಲಿಲ್ಲ. ಬೆಳಕಿಗೆ ಅಡ್ಡ ನಿಂತ ಮುದುಕಿಯರನ್ನು ನೋಡುವುದು, ಅಷ್ಟೇ. ಕಣ್ಣು ಅರ್ಧ ಮುಚ್ಚಿಕೊಂಡರೆ ಮುಖ ಸೀರೆ ಎಲ್ಲ ಅಳಿಸಿಹೋಗಿ ಆಕಾರ ಮಾತ್ರ ಉಳಿಯುತ್ತದೆ. ಕಣ್ಣು ಅರ್ಧ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತವಳನ್ನು ಜನ ಏನೆಂದುಕೊಳ್ಳುತ್ತಾರೋ ಅಂದುಕೊಳ್ಳಲಿ.

ಶ್ರೀರಂಗಪಟ್ಟಣದಲ್ಲಿ ಹೊಳೆ ಕಡೆ ಹೋಗುವ ದಾರಿಯಲ್ಲಿ ಒಬ್ಬಳು ಸಾಬರ ಅಜ್ಜಿ ಸೀಬೆಹಣ್ಣಿನ ಗಾಡಿ ಹಿಡಿದು ನಿಂತಿದ್ದಳು. ಹಿಂದೆ ನೀರು, ನೀರಿನ ಮೇಲೆ ಬಿಸಿಲು. ತಲೆಯಿಂದ ಕಾಲಿನ ತನಕ ಬುರ್ಖಾ, ದೂರಕ್ಕೆ ಅವಳು ಒಂದೇ ಕಪ್ಪು ಕಂಬ. ಆದರೂ ನೋಡಿದ ತಕ್ಷಣ ಗೊತ್ತಾಯಿತು: ವಯಸ್ಸಾಗಿದೆ, ಬಲಗಾಲಿನ ಮಂಡಿ ಕೆಟ್ಟಿದೆ, ಬಾಯಿ ಕೆಟ್ಟಿಲ್ಲ. ಹೇಗೆ ಗೊತ್ತಾಯಿತು? ಭಾರವೆಲ್ಲ ಒಂದು ಕಾಲಿನ ಮೇಲೆ ಬಿಟ್ಟಿದ್ದಳು, ಒಂದು ಮೊಣಕೈ ಆಚೆ ಚಾಚಿ ಗಾಡಿಯನ್ನು ಇದು ನನ್ನದು ಅನ್ನುವಂತೆ ಹಿಡಿದಿದ್ದಳು. ನಾನು ಇಷ್ಟು ದಿನ ಕತ್ತರಿಸಿದವರೆಲ್ಲ ಎರಡು ಕಾಲಿನ ಮೇಲೂ ಸಮ ಭಾರ ಹಾಕಿ ಫೋಟೋಕ್ಕೆ ನಿಂತವರು.

ಅವಳು ನನ್ನನ್ನು ನೋಡಿಬಿಟ್ಟಳು. "ಕ್ಯಾ ಅಮ್ಮಾ, ಕಳ್ಳಿ ನೋಡಿದಂಗೆ ನೋಡ್ತೀಯಾ? ಹಣ್ಣು ತಗೋ, ಇಲ್ಲಾ ಜಾಗ ಬಿಡು."

"ನಿನ್ನ ಸೊಂಟ ನೋಡ್ತಿದ್ದೆ ಕಣಮ್ಮ."

"ತೌಬಾ ತೌಬಾ! ನಮ್ಮ ಮನೆಯೋರೇ ನೋಡೋದು ಬಿಟ್ಟವ್ರೆ, ನೀನು ಬಸ್ಸು ಹತ್ಕೊಂಡು ಬಂದ್ಯಾ?"

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗಲೂ ಆ ಮೊಣಕೈ ಗಾಡಿ ಬಿಡಲಿಲ್ಲ. ಸೀಬೆಹಣ್ಣನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಟೆ.

ಆ ದಿನ ಕೆ.ಆರ್.ಪೇಟೆ ಕಡೆಯ ತಂಗಿ ಮನೆಗೆ ಹೋಗಿ ಉಳಿದು, ಮಾರನೇ ಬೆಳಗ್ಗೆ ಊರಿಗೆ ಹೊರಟೆ. ಬಸ್ಸು ಯಾವುದೋ ಒಂದು ಹಳ್ಳಿಯ ಗೇಟಿನಲ್ಲಿ ನಿಂತಿತು. ಹೊತ್ತು ಆಗ ತಾನೇ ಹುಟ್ಟಿತ್ತು, ಬಾಗಿಲಿನ ಆಚೆ ಬರೀ ಬೆಳಕು. ಆ ಬೆಳಕಿಗೆ ಅಡ್ಡವಾಗಿ ಒಬ್ಬಳು ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಕೈ ಸರಳು ಹಿಡಿದಿದೆ, ಸೀರೆ ಮೇಲಕ್ಕೆ ಸಿಕ್ಕಿಸಿದೆ, ಮೈಯೆಲ್ಲ ಬಸ್ಸಿನ ಒಳಕ್ಕೆ ಬರುತ್ತಿದೆ. ಮುಖ ಮಾತ್ರ ಪೂರಾ ಹಿಂದಕ್ಕೆ, ಮನೆ ಕಡೆಗೆ.

"ಎಮ್ಮೆಗೆ ಕಲಗಚ್ಚು ಮಡಗು! ಇಂಡಿ ಮರೀಬ್ಯಾಡ! ಆ ಕುಂಟು ನಾಯಿನ ಒಳಕ್ಕೆ ಬುಡ್ಬ್ಯಾಡ!"

"ಅಜ್ಜೀ, ಒಳಕ್ಕೆ ಬತ್ತೀಯೋ, ಕೆಳಕ್ಕೆ ಇಳೀತೀಯೋ? ಯಾವ್ದಾದ್ರೂ ಒಂದು ಮಾಡು" ಅಂದ ಕಂಡಕ್ಟರು.

"ತಡಿಯಪ್ಪ, ಮನೆಗೊಂದು ಮಾತು ಏಳ್ದೆ ಬರಕ್ಕಾಯ್ತದಾ? ನಿಮ್ಮವ್ವ ಏಳಲ್ವಾ?"

ಕತ್ತರಿ ತಂದಿರಲಿಲ್ಲ. ಸೀಬೆಹಣ್ಣು ಸುತ್ತಿದ ಪೇಪರನ್ನು ತೊಡೆ ಮೇಲೆ ಹಾಸಿ ಉಗುರಿನಲ್ಲೇ ಹರಿದೆ. ಬಸ್ಸು ಕುಲುಕುತ್ತಿತ್ತು, ಅಂಚೆಲ್ಲ ಇಲಿ ಕಡಿದಂತೆ ಬಂತು. ಆದರೆ ಅವಳು ಬಂದಳು. ಕಾಲು ಮುಂದಕ್ಕೆ, ಮುಖ ಹಿಂದಕ್ಕೆ. ನಮ್ಮ ಪೆಟ್ಟಿಗೆಯಲ್ಲಿ ಎಲ್ಲರೂ ಹೋಗುವ ಕಡೆಗೇ ನೋಡುತ್ತಾರೆ. ದೇವರಿಗೆ ಮನೆಯಲ್ಲಿ ಎಮ್ಮೆ ಕಟ್ಟಿಲ್ಲವಲ್ಲ.

ಅಂದು ಸಂಜೆ ಸಿಮೆಂಟ್ ಕಾಗದದಲ್ಲಿ ದೊಡ್ಡದಾಗಿ ಕತ್ತರಿಸಿ ಸೀರೆಗೆ ಹಿಡಿದೆ. ಎದುರುಮನೆಯವಳು ಕ್ಯಾನು ಕೆಳಗೆ ಇಟ್ಟಳು.

"ಅಯ್ಯೋ, ನಮ್ಮತ್ತೆ! ಓಗಿಬತ್ತೀನಿ ಅಂದ್ಮೇಲೂ ಗೇಟು ದಾಟಕ್ಕೆ ಒಂದು ಗಂಟೆ ಆಯ್ತಿತ್ತು ನಮ್ಮತ್ತೆಗೆ. ಓಗವಳು ಓಗ್ತಾನೂ ಇರಲ್ಲ, ಇರವಳು ಇರ್ತಾನೂ ಇರಲ್ಲ."

"ನಿಮ್ಮತ್ತೆ ಅಲ್ಲ ಕಣೆ, ನಮ್ಮವ್ವ" ಅಂದಳು ಅವಳ ಹಿಂದೆ ಇದ್ದವಳು.

ಸೊಸೆ ಅಂಗಳಕ್ಕೆ ಇಳಿದು ಬೀದಿಗೆ ಹೋಗಿ ಅವರ ಪಕ್ಕ ನಿಂತು ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ. ಸುಮ್ಮನೆ ಆ ಕಪ್ಪು ಮುದ್ದೆಗೆ ಬಾಯಿ ಕೊಟ್ಟುಬಿಟ್ಟಳು: "ಒಲೆ ಆರಿಸಿದ್ಯಾ? ಬಾಗ್ಲು ಆಕಿದ್ಯಾ? ಅಯ್ಯೋ, ಎಮ್ಮೆ ಹುಡುಕಕ್ಕೆ ನಾನು ಓದ್ರೆ ಮನೆ ನೋಡ್ಕೊಳೋರು ಯಾರಪ್ಪ!" ಅದುವರೆಗೆ ಅವಳು ಆ ಪಾತ್ರದ ಮಾತನ್ನು ರಾಣಿ ಧಾಟಿಯಲ್ಲೇ ಎಳೆದು ಹೇಳುತ್ತಿದ್ದಳು. ಆಕಾರ ನೋಡಿದ ಮೇಲೆ ಗಂಟಲು ತಾನಾಗಿ ಬದಲಾಯಿತು.

ಇದ್ದ ಒಂದೇ ಚರ್ಮಕ್ಕೆ ಅದನ್ನು ಇಳಿಸಿದೆ. ಉಳಿ ಹಿಡಿದು ಸೀರೆಯ ಚುಕ್ಕಿ ಹೊಡೆದೆ, ಕೆಂಪು, ಹಸಿರು ಹಾಕಿದೆ, ಒಡವೆ ಏನೂ ಇಡಲಿಲ್ಲ. ಕೈ ಎರಡೂ ಆಡುವಂತೆ ದಾರದ ಕೀಲು ಹಾಕಿದೆ. ಯಜಮಾನ ತಿರುಗಿಸಿ ತಿರುಗಿಸಿ ನೋಡಿ, "ಮುಖ ಒಂದು ಕಡೆ, ಕಾಲು ಒಂದು ಕಡೆ. ಇಂಥದ್ದು ನಮ್ಮಲ್ಲಿ ಇಲ್ಲ ಕಣಮ್ಮಿ" ಅಂದ. ಇಲ್ಲದ್ದಕ್ಕೇ ತಾನೇ ಮಾಡಿದ್ದು ಅಂದೆ. ಕಡೆಗೆ ಗೊಂಬೆಯ ಕಣ್ಣು ತೆರೆದೆ. ನಮ್ಮ ಮನೆಯಲ್ಲಿ ಒಂದು ಕಟ್ಟು ಇದೆ: ಕಣ್ಣಿನ ತೂತು ಹೊಡೆದು ಕಾಯಿ ಒಡೆದರೆ ಆ ಗೊಂಬೆಗೆ ಜೀವ ಬಂದ ಹಾಗೆ. ಆಮೇಲೆ ಅದಕ್ಕೆ ಉಳಿ, ಕತ್ತರಿ ಮುಟ್ಟಿಸುವ ಹಾಗಿಲ್ಲ. ಹರಿದರೆ ಹೊಲಿಯಬಹುದು. ಕತ್ತರಿಸುವುದು ಅಂದರೆ ಕೊಲ್ಲುವುದು.

ಪಾಂಡವಪುರದ ಆ ಸ್ಕೂಲಿನಲ್ಲಿ ಕಿಟಕಿಗೆಲ್ಲ ಟಾರ್ಪಾಲು ಕಟ್ಟಿ ಹಗಲಲ್ಲೇ ಕತ್ತಲೆ ಮಾಡಿದ್ದರು. ಪರದೆ ಕಟ್ಟಿದೆವು, ಬಲ್ಬು ಹಾಕಿದೆವು. ಮಗ ಮದ್ದಳೆ, ಯಜಮಾನನ ಕೈಯಲ್ಲಿ ಗೊಂಬೆ, ಪಕ್ಕದಲ್ಲಿ ಸೊಸೆ. ನಾನು ಗೊಂಬೆ ಎತ್ತಿಕೊಡುವವಳು, ಸಂದಿಯಲ್ಲಿ ಮಕ್ಕಳ ಮುಖ ನೋಡುತ್ತಾ ನಿಂತೆ. ಮಕ್ಕಳು ಒತ್ತೊತ್ತಾಗಿ ನೆಲದ ಮೇಲೆ ಕೂತಿದ್ದವು. ಮದ್ದಳೆ ಬಿತ್ತು. ಅಜ್ಜಿ ಪರದೆಯ ಒಂದು ತುದಿಯಿಂದ ಬಂದಳು. ಒಂದು ಹೆಜ್ಜೆ, ಎರಡು ಹೆಜ್ಜೆ.

"ದೆವ್ವಾ!"

ಯಾರು ಮೊದಲು ಕೂಗಿದರೋ. ಒಂದು ಕೂಗಿದ್ದೇ ಎಲ್ಲವೂ ಕೂಗಿದವು. "ಕಾಲು ನೋಡ್ಲಾ, ಕಾಲು! ಹಿಂದ್ಮುಂದಾಗೈತೆ!" ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬಿತ್ತು. ಒಂದು ಹೆಣ್ಣುಮಗು ಅಳಲು ಶುರು ಮಾಡಿತು. ಮೇಡಂ ಶ್ ಶ್ ಅಂತ ಓಡಾಡಿದರು.

ಆಗ ನನ್ನ ಬುದ್ಧಿಗೆ ಹೊಳೆಯಿತು, ಹೊಳೆದು ಏನು ಪ್ರಯೋಜನ. ದೆವ್ವಕ್ಕೆ ಪಾದ ಹಿಂದುಮುಂದು ಅಂತ ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಂಗಳದಲ್ಲಿ ಅವಳು ನಿಂತಿದ್ದಳು. ನಿಂತವಳು ತಿರುಗಿ ನೋಡಿದರೆ ಅತ್ತೆ. ಇಲ್ಲಿ ಅವಳು ನಡೆಯುತ್ತಿದ್ದಳು. ಮುಖ ಇತ್ತ, ಕಾಲು ಅತ್ತ ಇಟ್ಟುಕೊಂಡು ನಡೆಯುವವಳು ಇನ್ಯಾರು? ಇಷ್ಟು ವರ್ಷ ನೆರಳಿನ ಕೆಲಸ ಮಾಡಿದವಳಿಗೆ ಆ ಗೊಂಬೆಯನ್ನು ಒಂದು ಸಲ ನಡೆಸಿ ನೋಡಬೇಕು ಅನ್ನಿಸಲಿಲ್ಲ.

ಯಜಮಾನ ಗಾಬರಿಯಲ್ಲಿ ಕಡ್ಡಿ ಜಗ್ಗಿದ, ಅಜ್ಜಿ ಇನ್ನೆರಡು ಹೆಜ್ಜೆ ಹಾಕಿದಳು. ಅದಕ್ಕೆ ಕಿರುಚಾಟ ಇನ್ನೂ ಜೋರಾಯಿತು. ನಾನು ಸೊಸೆಯ ಮುಖ ನೋಡಲಿಲ್ಲ. ಇವಳು ಗಾರ್ಮೆಂಟ್ಸ್ ಬಸ್ಸು ಹತ್ತಿದ ಹಾಗೇ ಅಂದುಕೊಂಡೆ.

"ಯಾವಳ್ಲೇ ಅದು ದೆವ್ವ ಅಂದಿದ್ದು?" ಸೊಸೆಯ ಗಂಟಲು ಆ ಗಲಾಟೆಯ ಮೇಲೆ ಎದ್ದಿತು. "ನಿಮ್ಮಜ್ಜಿ ದೆವ್ವ! ಕತ್ತು ಉಳುಕೈತೆ ಕಣ್ರವ್ವ ನನಗೆ. ಹಿಂದೆ ನನ್ನ ಸೊಸೆ ಬತ್ತಾವ್ಳೆ. ನನ್ನ ಎಲೆಅಡಿಕೆ ಚೀಲ ಎಗರಿಸ್ತಾಳೇನೋ ಅಂತ ಅವಳನ್ನೇ ನೋಡ್ತಾ ನೋಡ್ತಾ ಕತ್ತು ಇಂಗೇ ನಿಂತೋಯ್ತು!"

ಬಿದ್ದ ಮಕ್ಕಳು ಎದ್ದು ಕೂತವು. ಆಮೇಲೆ ಯಾವುದೋ ಹುಡುಗಿ, "ಎಣ್ಣೆ ಹಚ್ಚಜ್ಜೀ!" ಅಂದಳು.

"ಹಚ್ಚೋಳು ಯಾರವ್ವ? ಸೊಸೆ ಕೈಗೆ ಕೊಟ್ರೆ ಎಣ್ಣೆ ಅವಳ ತಲೆಗೆ, ಸೀಸೆ ನನ್ನ ತಲೆಗೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಆಟ ಕಡೇ ತನಕ ನಡೆಯಿತು, ಎಮ್ಮೆಯೂ ಸಿಕ್ಕಿತು, ಚಪ್ಪಾಳೆಯೂ ಬಿತ್ತು. ಮೇಡಂ ಪರದೆಯ ಹಿಂದೆ ಬಂದು, ಕೆ.ಆರ್.ಪೇಟೆ ಕಡೆಯ ಇನ್ನೊಂದು ಸ್ಕೂಲಿನವರೂ ಕೇಳುತ್ತಿದ್ದಾರೆ, ಮುಂದಿನ ವಾರವೇ ಬರುತ್ತೀರಾ ಅಂದರು. ಯಜಮಾನ ಬರುತ್ತೇವೆ ಅಂದುಬಿಟ್ಟ.

ವಾಪಸು ಬರುವಾಗ ಮಗನ ಆಟೋದ ಹಿಂದೆ ಪೆಟ್ಟಿಗೆಗೆ ಒರಗಿ ನಾವು ಮೂವರು ಕೂತಿದ್ದೆವು. ಯಜಮಾನನಿಗೆ ಖುಷಿ. "ಗೆದ್ವಲ್ಲಮ್ಮಿ!" ಅಂದ. ತುಂಬ ದೂರ ಬಂದ ಮೇಲೆ ಸೊಸೆ ಬಾಯಿ ಬಿಟ್ಟಳು.

"ಅವು ನಕ್ಕಿದ್ದು ನನ್ನ ಮಾತಿಗೆ ಮಾವ. ಗೊಂಬೆ ಬಂದಾಗೆಲ್ಲ ಮುಂದಿನ ಸಾಲು ಹಿಂದಕ್ಕೆ ಸರೀತಿತ್ತು, ಅತ್ತೆ ನೋಡವ್ರೆ, ಕೇಳಿ ಬೇಕಾದ್ರೆ. ಊರೂರಿಗೂ ಕತ್ತು ಉಳುಕೈತೆ ಅಂತ ಏಳ್ಕೊಂಡು ತಿರುಗಕ್ಕಾಯ್ತದಾ? ಮಕ್ಕಳಿಗೆ ನಾನು ಹಿಡಿಸ್ದೆ. ಆ ಅಜ್ಜಿ ಹಿಡಿಸ್ಲಿಲ್ಲ."

ನಾನು ನೋಡಿದ್ದೆ. ಹೌದು ಅಂದೆ.

"ಅಂಗಾದ್ರೆ ಕತ್ತು ಕುಯ್ಯಿರಿ."

"ಏನಂದೆ?"

"ಕತ್ತು ಕುಯ್ದು ಕೀಲು ಆಕಿ. ಕೈಗೆ ಆಕಿದ್ದೀರಲ್ಲ, ಅಂಗೆ. ನಡೆಯುವಾಗ ಮುಂದೆ ನೋಡ್ಲಿ. ನಾಕು ಹೆಜ್ಜೆ ಓಗಿ, ನಿಂತು, ತಿರುಗಿ ಮನೆ ಕಡೆ ನೋಡ್ಲಿ. ಹಿಂದಕ್ಕೆ ನೋಡ್ಕೊಂಡೇ ಎಲ್ಲಿ ತಂಕ ಯಾರು ನಡೀತಾರೆ? ಮೋರಿಗೆ ಬೀಳ್ತಾರೆ."

ಸರಿಯೇ ಇತ್ತು. ಬಸ್ಸಿನ ಮೆಟ್ಟಿಲ ಮೇಲೆ ನಾನು ಕಂಡದ್ದು ಒಂದು ಗಳಿಗೆಯನ್ನು. ಆ ಅಜ್ಜಿಯೂ ಆಮೇಲೆ ಮುಂದಕ್ಕೆ ತಿರುಗಿ ಸೀಟು ಹುಡುಕಿಕೊಂಡು ಕೂತಿದ್ದಳು. ನಾನು ಆ ಗಳಿಗೆಯನ್ನೇ ಹಿಡಿದು ಅದನ್ನೇ ಇಡೀ ಹೆಂಗಸು ಮಾಡಿದ್ದೆ. ನಿಂತ ನೆರಳಿಗೆ ಅಷ್ಟು ಸಾಕು. ಯಾರು ಅಂತ ಗುರುತು ಸಿಗುತ್ತದೆ. ಆದರೆ ಅವಳು ಬದುಕಬೇಕಾದರೆ ಕತ್ತು ತಿರುಗಬೇಕು.

"ಕಣ್ಣು ಬಿಟ್ಟ ಗೊಂಬೆ ಕಣವ್ವ ಅದು" ಅಂದ ಯಜಮಾನ. ಖುಷಿಯೆಲ್ಲ ಇಳಿದಿತ್ತು. "ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ಬೇಕಾದ್ರೆ ಹೊಸದು ಮಾಡನ."

"ಚರ್ಮ ಎಲ್ಲೈತೆ?" ಅಂದೆ. ಹೊಸ ಚರ್ಮ ತಂದು, ನೆನೆಹಾಕಿ, ಕೆರೆದು, ಒಣಗಿಸಿ, ಬಣ್ಣ ಹಿಡಿಸುವಷ್ಟರಲ್ಲಿ ಕೆ.ಆರ್.ಪೇಟೆಯ ದಿನವೂ ಕಳೆಯುತ್ತದೆ, ಒಂದನೇ ತಾರೀಕೂ ಕಳೆಯುತ್ತದೆ.

ಸೊಸೆ ಸೆರಗು ಕಿವಿಗೆ ಸುತ್ತಿಕೊಂಡು ರಸ್ತೆ ನೋಡುತ್ತಾ ಕೂತಳು.

ಮನೆಗೆ ಬಂದ ಮೇಲೂ ಕೂರಲಾಗದೆ ಅಂಗಳ ಗುಡಿಸಿದೆ, ಗುಡ್ಡೆ ಮಾಡಿದ್ದನ್ನೇ ಮತ್ತೆ ಗುಡಿಸಿದೆ. ನನಗೆ ದೇವರ ಭಯ ಇಲ್ಲ ಅಂತಲ್ಲ. ಆದರೆ ಆ ಗೊಂಬೆ ಅರ್ಧ ಜೀವದ್ದು. ಒಂದೇ ಕಡೆ ತಿರುಗಿದ ಕತ್ತಿನವಳನ್ನು ಮಾಡಿ ಕಣ್ಣು ಬಿಡಿಸಿ, ಮಕ್ಕಳ ಕೈಲಿ ದೆವ್ವ ಅನ್ನಿಸಿದ್ದೇನೆ. ಅದು ಪಾಪ ಅಲ್ಲವಾ? ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಸೊಸೆಯ ಗಂಟಲು ಬೇಕಿತ್ತು ನನಗೆ.

ಬೆಳಗಾಗಿ ಬಿಸಿಲು ಬಿದ್ದ ಮೇಲೆ ಹಲಗೆ ಇಟ್ಟೆ, ಉಳಿ ಮಸೆದೆ. ಯಜಮಾನ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿದ.

"ನಾನು ನೋಡಲ್ಲ. ಟೀ ಅಂಗಡಿ ತಾವ ಇರ್ತೀನಿ. ಆದ್ಮೇಲೆ ಏಳ್ಕಳ್ಸು."

"ಓಗು. ಪಾಪ ಬಂದ್ರೆ ನನಗೆ ಬರ್ಲಿ. ನಿನಗೆ ಟೀ ಬರ್ಲಿ."

"ನಾನು ಕುಯ್ಲಾ ಅತ್ತೆ?" ಅಂದಳು ಸೊಸೆ.

"ಬ್ಯಾಡ. ಕಣ್ಣು ಬಿಡಿಸ್ದೋಳು ನಾನು. ನೀನು ತಲೆ ಹಿಡ್ಕೋ, ಅಲುಗಾಡಬಾರದು."

ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನಾನು ಕತ್ತಿನ ಬುಡಕ್ಕೆ ಉಳಿ ಇಟ್ಟೆ. ಕೊಡತಿ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಚರ್ಮ ಒಣಗಿ ಗಟ್ಟಿಯಾಗಿತ್ತು, ಒಂದೇ ಏಟಿಗೆ ಹೋಗಲಿಲ್ಲ. ಮೂರನೇ ಏಟಿಗೆ ಅವಳ ಕೈಗೆ ತಲೆ ಬಂತು. ನಾವಿಬ್ಬರೂ ಆಕಾಶ ನೋಡಿದೆವು, ಏನಾದರೂ ಬೀಳುತ್ತದಾ ಅಂತ. ಏನೂ ಬೀಳಲಿಲ್ಲ.

ತೂತು ಹೊಡೆದು ದಾರ ಪೋಣಿಸಿ ಗಂಟು ಹಾಕಿದೆ. ತಲೆಗೆ ಬೇರೆ ಕಡ್ಡಿ ಕಟ್ಟಿದೆ, ಅದನ್ನು ಹೊರಳಿಸಿದರೆ ಮುಖ ಆಚೆ ಈಚೆ ತಿರುಗುವಂತೆ. ಸೊಸೆ ಎತ್ತಿಕೊಂಡು ಅಂಗಳದ ಉದ್ದಕ್ಕೂ ನಡೆಸಿದಳು. ಮುಂದಕ್ಕೆ ನಾಲ್ಕು ಹೆಜ್ಜೆ, ನಿಂತಳು, ತಲೆ ಸರ್ರನೆ ಹಿಂದಕ್ಕೆ. ಜಗುಲಿ ಮೇಲೆ ಅನ್ನ ತಿನ್ನುತ್ತಿದ್ದ ಮೊಮ್ಮಗಳು ನಕ್ಕು ಅನ್ನ ಉಗಿದಳು. ಸೊಸೆ ಇನ್ನೊಂದು ಸಲ ನಡೆಸಿದಳು, ಇನ್ನೊಂದು ಸಲ ತಿರುಗಿಸಿದಳು. ಆಮೇಲೆ ಗೊಂಬೆಯನ್ನು ನನ್ನ ತೊಡೆ ಮೇಲೆ ಮಲಗಿಸಿ, ಫೋನು ಹಿಡಿದು ಬೇಲಿ ಕಡೆ ಹೋದಳು.

"ಬರಲ್ಲ ಸಾರ್. ಇಲ್ಲ ಸಾರ್, ಹುಷಾರಾಗೇ ಇವ್ನಿ. ಮನೇಲೇ ಕೆಲ್ಸ ಐತೆ."

ನಾನು ಕೇಳಿಸದವಳಂತೆ ಉಳಿ ಒರೆಸುತ್ತಾ ಕೂತೆ. ಅವಳು ತಿರುಗಿ ಬಂದು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಏನಾದರೂ ಒಳ್ಳೇ ಮಾತು ಹೇಳುತ್ತಾಳೆ ಅಂದುಕೊಂಡೆ.

"ಅತ್ತೆ, ನಿನ್ನೆ ಕಡೇಲಿ ಎಮ್ಮೆ ಅಂತ ಬುಟ್ವಲ್ಲ, ಅದು ಪೆಟ್ಟಿಗೇಲಿದ್ದ ಯಮನ ಕೋಣ. ಕೊಂಬು ನೋಡಿ ಒಂದು ಹುಡ್ಗ ‘ಅಜ್ಜಿ ಸತ್ತೋಯ್ತಾಳೆ’ ಅಂದ. ಅದಕ್ಕೇನು ಮಾಡ್ತೀರಿ?"

ಕಾಗದ ಮುಗಿದಿತ್ತು. ಎದುರುಮನೆಯವರ ಕೊಟ್ಟಿಗೆಯಲ್ಲಿ ಸಿಮೆಂಟ್ ಚೀಲ ಬಿದ್ದಿರುವುದು ನನಗೆ ಗೊತ್ತಿತ್ತು, ಎಮ್ಮೆಯೂ ಅಲ್ಲೇ ಕಟ್ಟಿತ್ತು. ಕತ್ತರಿ ತೆಗೆದುಕೊಂಡು ಹೊರಟೆ.